ಮಣ್ಣೊಳಗೆ ನಾಲ್ಕು ನಿಮಿಷ

ಉದಯಕುಮಾರನಿಗೆ ಆ ಪಾತ್ರ ಸಿಕ್ಕಿದ್ದು ಒಳ್ಳೆಯ ನಟ ಎಂಬ ಕಾರಣಕ್ಕಲ್ಲ. ಅಲುಗಾಡದೆ ಕೂರಬಲ್ಲ ಎಂಬ ಕಾರಣಕ್ಕೆ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಹದಿನೇಳು ವರ್ಷದಿಂದ ಲೇತ್ ಮೆಷಿನ್ ಮುಂದೆ ನಿಂತವನು ಅವನು. ಗುಬ್ಬಿಯ ಹವ್ಯಾಸಿ ನಾಟಕ ತಂಡದಲ್ಲಿ ವರ್ಷಕ್ಕೊಂದು ಸಲ ಬಣ್ಣ ಹಚ್ಚುತ್ತಿದ್ದ, ಅದೂ ಎರಡು ಮಾತಾಡಿ ಒಳಗೆ ಹೋಗುವ ಮಂತ್ರಿಯ ಪಾತ್ರಕ್ಕೆ. ‘ಮೂರನೇ ಹಗಲು’ ಎಂಬ ಧಾರಾವಾಹಿಗೆ ಜನ ಬೇಕೆಂದು ತುಮಕೂರಿನಲ್ಲಿ ಆಯ್ಕೆ ನಡೆದಾಗ, ನಿರ್ದೇಶಕ ಅಂಜನ್‌ಕುಮಾರ್ ಬಂದವರಿಗೆಲ್ಲ ಒಂದೇ ಪರೀಕ್ಷೆ ಇಟ್ಟ. ಪದ್ಮಾಸನ ಹಾಕಿ, ಕಣ್ಣು ಮುಚ್ಚಿ ಹತ್ತು ನಿಮಿಷ ಕೂರಬೇಕು. ಕೆಲವರು ಮೂಗು ತುರಿಸಿಕೊಂಡರು, ಕೆಲವರು ಎಂಜಲು ನುಂಗಿದರು. ಉದಯಕುಮಾರ್ ಕಲ್ಲಿನಂತೆ ಕೂತ. ಚಿಕ್ಕಂದಿನಲ್ಲಿ ಸೋದರಮಾವನ ಪಕ್ಕ ದಿನವೂ ಲಿಂಗಪೂಜೆಗೆ ಕೂತು ಬಂದ ರೂಢಿ ಅದು.

ಧಾರಾವಾಹಿಯ ಕತೆ ಹೀಗಿತ್ತು. ಶಿವಭಕ್ತರ ಒಂದು ದೊಡ್ಡ ಮನೆ. ಮನೆಯ ಯಜಮಾನ ದಿಢೀರನೆ ತೀರಿಕೊಳ್ಳುತ್ತಾನೆ. ಪದ್ಧತಿಯ ಪ್ರಕಾರ ಅವನನ್ನು ಕೂತ ಭಂಗಿಯಲ್ಲೇ ತೋಟದಲ್ಲಿ ಸಮಾಧಿ ಮಾಡುತ್ತಾರೆ. ಮೂರನೇ ದಿನ ಬೆಳಿಗ್ಗೆ ಹಾಲುತುಪ್ಪ ಬಿಡಲು ಹೊರಟರೆ, ಅವನು ಮೈಯೆಲ್ಲ ಮಣ್ಣು ಮಾಡಿಕೊಂಡು ಜಗಲಿಯ ಮೇಲೆ ಕೂತು ನೀರು ಕೇಳುತ್ತಿರುತ್ತಾನೆ. ಬಂದದ್ದು ಅವನೇನಾ, ಅವನ ವೇಷದಲ್ಲಿ ಬೇರೆ ಏನಾದರೂ ಬಂದಿದೆಯಾ ಎಂಬುದೇ ಮುಂದಿನ ಕತೆ.

ಶಾಸ್ತ್ರ ತಪ್ಪಬಾರದೆಂದು ಉದಯಕುಮಾರ್ ತನ್ನ ಸೋದರಮಾವ ಚನ್ನವೀರಯ್ಯನವರನ್ನು ನಿರ್ದೇಶಕನಿಗೆ ಪರಿಚಯಿಸಿದ. ಎಪ್ಪತ್ತು ದಾಟಿದ ಅಯ್ನೋರು. ಗುಬ್ಬಿ ಸುತ್ತಲಿನ ಭಕ್ತರ ಮನೆಗಳಲ್ಲಿ ಯಾರೇ ಹೋದರೂ ಕೊನೆಯ ಕ್ರಿಯೆಗೆ ಅವರೇ ಬರಬೇಕು. ಚಿತ್ರೀಕರಣಕ್ಕೆ ಹಿಡಿದಿದ್ದ ಕುಣಿಗಲ್ ಕೆರೆಯಾಚೆಯ ತೆಂಗಿನ ತೋಟದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ ಅವರು, ಮೊದಲ ದಿನವೇ ಹೆಣದ ಪಕ್ಕ ಇಟ್ಟಿದ್ದ ತ್ರಿಶೂಲ ತೆಗೆಸಿದರು, ಕೆಂಪು ಹೂವು ತೆಗೆಸಿದರು, ಬಿಲ್ವಪತ್ರೆ ತರಿಸಿದರು. ಎಡ ಅಂಗೈಯಲ್ಲಿ ಇಷ್ಟಲಿಂಗ, ಹಣೆಗೆ ಮೂರೆಳೆ ವಿಭೂತಿ, ಅಷ್ಟು ಸಾಕು ಎಂದರು. ಅಂಜನ್‌ಕುಮಾರ್ ಎಲ್ಲಕ್ಕೂ ಹೂಂ ಅಂದ. ಜಗಳ ಬಂದದ್ದು ವಾಪಸ್ ಬರುವ ದೃಶ್ಯಕ್ಕೆ.

“ಅವ್ರು ಜಗಲಿ ಮೇಲೆ ಕೂತಿರ್ತಾರೆ ಸಾರ್. ಕೈಲಿರೋ ಲಿಂಗ ಕೆಂಪಗೆ ಉರೀತಾ ಇರುತ್ತೆ. ಗ್ರಾಫಿಕ್ಸ್‌ನಲ್ಲಿ ಮಾಡ್ತೀವಿ,” ಎಂದ ಅಂಜನ್‌ಕುಮಾರ್.

“ಅದು ಬೇಡ.”

“ಯಾಕೆ ಸಾರ್? ನೋಡೋರಿಗೆ ಭಕ್ತಿ ಬರುತ್ತೆ.”

“ಭಕ್ತಿ ಬರಲ್ಲ, ಭಯ ಬರುತ್ತೆ. ನೋಡಿ ಸ್ವಾಮಿ, ನಮ್ಮಲ್ಲಿ ಸತ್ರು ಅನ್ನಲ್ಲ. ಲಿಂಗೈಕ್ಯ ಆದ್ರು ಅಂತೀವಿ. ಅದ್ರಲ್ಲೇ ಸೇರ್ಹೋದ್ರು ಅಂತ ಅರ್ಥ. ಸೇರ್ಹೋದೋನು ಎಲ್ಲಿಂದ ಎದ್ದು ಬರ್ತಾನೆ? ಬಂದ ಅಂತ ತೋರಿಸ್ತೀರಿ ಅಂದ್ರೆ, ಅವನು ಸೇರ್ಲಿಲ್ಲ ಅಂತಾಯ್ತು. ಹಂಗಾದ್ರೆ ಅವನ ಕೈಲಿ ಲಿಂಗ ಇರೋಕಾಗಲ್ಲ.”

“ಮತ್ತೇನಿರ್ಬೇಕು ಸಾರ್?”

“ಏನೂ ಇರ್ಬಾರ್ದು. ಅಂಗೈ ಖಾಲಿ ಇರ್ಬೇಕು.”

ಅಂಜನ್‌ಕುಮಾರ್ ಕೈಲಿದ್ದ ಹಾಳೆಯನ್ನು ಮಡಿಸಿ ಜೇಬಿಗಿಟ್ಟ. ತೋಟದಲ್ಲೇ ನಾಲ್ಕು ಹೆಜ್ಜೆ ಆಚೆ ಹೋಗಿ, ಮತ್ತೆ ಬಂದು, “ಇದನ್ನ ನಮ್ಮ ರೈಟರ್ ಆರು ತಿಂಗಳಿಂದ ಹುಡುಕ್ತಾ ಇದ್ರು ಸಾರ್,” ಎಂದ. ಖಾಲಿ ಅಂಗೈ ನಿರ್ಧಾರವಾಯಿತು.

ಮಾರನೇ ದಿನ ಸಮಾಧಿಯ ಚಿತ್ರೀಕರಣ. ಎದೆಮಟ್ಟದ ಗುಂಡಿ ತೋಡಿ, ಅದರ ಒಂದು ಪಕ್ಕಕ್ಕೆ ಒಬ್ಬ ಮನುಷ್ಯ ಕೂರುವಷ್ಟು ಗೂಡು ಕೊರೆದಿದ್ದರು. ಗೂಡಿನೊಳಗೆ ಉದಯಕುಮಾರ್ ಕೂರಬೇಕು, ಗೂಡಿನ ಬಾಯಿಗೆ ಹಲಗೆ ಮುಚ್ಚಿ ಮಣ್ಣು ಎಳೆಯುತ್ತಾರೆ, ಒಂದು ನಿಮಿಷಕ್ಕೆ ತೆಗೆಯುತ್ತಾರೆ ಎಂದು ಮಾತಾಗಿತ್ತು. ಅವನು ಇಳಿದು ಕೂತ. ಮೈತುಂಬ ಬಳಿದ ವಿಭೂತಿಯ ವಾಸನೆ ಮೂಗಿಗೆ ಹತ್ತುತ್ತಿತ್ತು. ಹಲಗೆ ಬಂತು. ಬೆಳಕು ಒಂದು ಗೆರೆಯಾಯಿತು, ಗೆರೆಯೂ ಹೋಯಿತು. ಮೊದಲ ಗುದ್ದಲಿ ಮಣ್ಣು ಹಲಗೆಗೆ ಬಡಿದ ಸದ್ದು ಅವನ ಎದೆಯೊಳಗೇ ಬಿದ್ದಂತಾಯಿತು. ಇಪ್ಪತ್ತು ಎಣಿಸುವುದರೊಳಗೆ ಅವನು ಹಲಗೆಯನ್ನು ಒದ್ದು, ಕೂಗಿಕೊಂಡು, ಅಂಗೈಯಲ್ಲಿದ್ದ ಲಿಂಗವನ್ನು ಎಲ್ಲಿ ಬಿಟ್ಟೆನೆಂಬ ಗ್ಯಾನವೂ ಇಲ್ಲದೆ ಗುಂಡಿಯಿಂದ ಹತ್ತಿ ಬಂದಿದ್ದ.

ಯಾರೋ ನಕ್ಕರು. ಇನ್ಯಾರೋ ಎಳನೀರು ಕೊಟ್ಟರು. ಹಲಗೆ ಮುಚ್ಚುವವರೆಗೆ ತೆಗೆದಿದ್ದೇ ಸಾಕು ಎಂದ ಅಂಜನ್‌ಕುಮಾರ್. ಚನ್ನವೀರಯ್ಯನವರು ಗುಂಡಿಗೆ ಬಗ್ಗಿ, ಮಣ್ಣಲ್ಲಿ ಬಿದ್ದಿದ್ದ ಲಿಂಗವನ್ನು ಎತ್ತಿ, ಪಂಚೆಯ ಅಂಚಿನಿಂದ ಒರೆಸಿ ಹಿಂದಕ್ಕೆ ಕೊಟ್ಟರು.

ಧಾರಾವಾಹಿ ಶುರುವಾಗಿ ಎರಡು ವಾರಕ್ಕೆ ಗುಬ್ಬಿಯಲ್ಲಿ ಉದಯಕುಮಾರನ ಹೆಸರು ಮರೆತುಹೋಗಿ ಅವನು ‘ಖಾಲಿ ಕೈ’ ಆದ. ಬಸ್ ಸ್ಟ್ಯಾಂಡಿನಲ್ಲಿ ಆಟೋದವರು, “ಅಂಗೈ ತೋರ್ಸಿ ಸಾರ್,” ಎಂದು ಕೂಗುತ್ತಿದ್ದರು. ತೆಂಗಿನಕಾಯಿ ಮಂಡಿಯ ಹಮಾಲಿಯೊಬ್ಬ ಅವನ ಕೈ ಕುಲುಕಲು ಬಂದು, ಕೊನೇ ಗಳಿಗೆಯಲ್ಲಿ ಕೈ ಹಿಂದಕ್ಕೆ ಎಳೆದುಕೊಂಡ. ಕಾರ್ಖಾನೆಯಲ್ಲಿ ಜೊತೆಗೆ ಉಣ್ಣುತ್ತಿದ್ದ ಮೋಹನ್‌ಕುಮಾರ್ ತಮಾಷೆಗೇ ಇರಬೇಕು, ಡಬ್ಬಿಯನ್ನು ಒಂದು ಮೊಳ ದೂರ ಸರಿಸಿಕೊಂಡ. ಇದಕ್ಕೆಲ್ಲ ಉದಯಕುಮಾರ್ ನಗುತ್ತಿದ್ದ.

ಅವನನ್ನು ಕಾಡುತ್ತಿದ್ದದ್ದು ಬೇರೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ಬಾಗಿಲ ಹತ್ತಿರ ನಿಲ್ಲುತ್ತಿದ್ದ. ಶೆಡ್ಡಿನ ಶಟರ್ ಅರ್ಧ ಇಳಿಸಿದರೆ ಮೆಷಿನ್ ಆಫ್ ಮಾಡಿ ಹೊರಗೆ ಬಂದು ಟೀ ಅಂಗಡಿಯ ತನಕ ನಡೆದು, ಟೀ ಕುಡಿಯದೆ ವಾಪಸಾಗುತ್ತಿದ್ದ. ಬೆಳಗಿನ ಲಿಂಗಪೂಜೆಗೆ ಕೂತರೆ ಎರಡು ನಿಮಿಷಕ್ಕೆ ಕಣ್ಣು ತಾನಾಗಿ ತೆರೆದುಕೊಳ್ಳುತ್ತಿತ್ತು. ಬಚ್ಚಲ ಬಾಗಿಲು ಹಾಕಿಕೊಳ್ಳುವುದನ್ನೇ ಬಿಟ್ಟ.

“ಏನ್ರೀ ಇದು? ಮನೆಗೆ ಯಾರಾದ್ರೂ ಬಂದ್ರೆ ಹೆಂಗೆ?” ಎಂದು ಹೆಂಡತಿ ಮಾಲಿನಿ ಕೇಳಿದಳು. ತಾಲ್ಲೂಕು ಕಚೇರಿಯಲ್ಲಿ ದಿನವಿಡೀ ಜನರ ಅರ್ಜಿ ಟೈಪು ಮಾಡುವ ಅವಳಿಗೆ ಸುಳ್ಳು ಬೇಗ ಗೊತ್ತಾಗುತ್ತಿತ್ತು.

“ಸೆಕೆ,” ಎಂದ ಅವನು.

“ಡಿಸೆಂಬರಲ್ಲಿ ಸೆಕೆನಾ?”

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಗುಂಡಿಯಿಂದ ಕೂಗಿಕೊಂಡು ಓಡಿ ಬಂದ ಸಂಗತಿಯನ್ನು ಅವಳಿಗೆ ಹೇಳಿರಲೇ ಇಲ್ಲ. ಈ ನಡುವೆ ಅಂಜನ್‌ಕುಮಾರ್ ಎರಡು ಸಲ ಫೋನ್ ಮಾಡಿದ್ದ. ಯಜಮಾನ ಮಣ್ಣೊಳಗಿದ್ದಾಗ ಏನಾಯಿತೆಂದು ಒಂದು ಕಂತು ತೋರಿಸಬೇಕಂತೆ, ಗೂಡಿನೊಳಗೇ ಪುಟ್ಟ ಕ್ಯಾಮೆರಾ ಇಟ್ಟು ತೆಗೆಯಬೇಕಂತೆ. ಆಗಲ್ಲ ಎಂದಿದ್ದ ಉದಯಕುಮಾರ್. ಹಾಗಾದರೆ ಅದೇ ಮೈಕಟ್ಟಿನ ಬೇರೊಬ್ಬನನ್ನು ಕೂರಿಸುತ್ತೇವೆ ಎಂದು ಅವನೂ ಸುಮ್ಮನಾಗಿದ್ದ.

ಸಂತೆಯ ದಿನ ಮಧ್ಯಾಹ್ನ ಒಬ್ಬ ಹೆಂಗಸು ಮನೆ ಹುಡುಕಿಕೊಂಡು ಬಂದಳು. ಐವತ್ತೈದರ ಆಸುಪಾಸು, ಕೈಯಲ್ಲಿ ಸಂತೆಯ ಚೀಲ. ಸಿ.ಎಸ್. ಪುರದಿಂದ ಬಂದಿದೀನಿ, ನನ್ನ ಹೆಸರು ಹನುಮಕ್ಕ ಎಂದಳು. ಮಾಲಿನಿ ನೀರು ತಂದುಕೊಟ್ಟಳು. ಇವಳೂ ಅಂಗೈ ನೋಡಲು ಬಂದವಳೇ ಇರಬೇಕೆಂದು ಉದಯಕುಮಾರ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

“ಸೀರಿಯಲ್ಲು ಅಂತ ಗೊತ್ತು ಕಣಪ್ಪ ನಂಗೆ. ನೀನು ಸತ್ತಿಲ್ಲ, ಎದ್ದು ಬಂದಿಲ್ಲ, ಅದೆಲ್ಲಾ ಗೊತ್ತು,” ಎಂದಳು ಹನುಮಕ್ಕ. “ಆದ್ರೆ ನಮ್ಮೂರ ಹುಡುಗ್ರು ಹೇಳ್ತಿದ್ರು, ಗುಂಡಿ ಮಾತ್ರ ನಿಜವಾಗ್ಲೂ ತೋಡಿದ್ರು, ನಿಜವಾಗ್ಲೂ ಕೂರ್ಸಿ ಮುಚ್ಚಿದ್ರು ಅಂತ. ಹೌದಾ?”

“ಹೌದಮ್ಮ.”

“ಅಷ್ಟೇ ಬೇಕಾಗಿದ್ದು ನಂಗೆ. ಒಳಗೆ ಹೆಂಗಿರುತ್ತೆ, ಹೇಳಪ್ಪ.”

ಉದಯಕುಮಾರ್ ಮಾಲಿನಿಯ ಕಡೆ ನೋಡಿದ. ಹನುಮಕ್ಕ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಹೇಳುತ್ತಾ ಹೋದಳು. ಮಗಳು ಇಂಪನಾ, ಇಪ್ಪತ್ತೆರಡು ವರ್ಷ, ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಜ್ವರ ಬಂದು ಐದೇ ದಿನದಲ್ಲಿ ಹೋದಳು. ಏಳು ತಿಂಗಳಾಯಿತು. ಅವಳು ಆರು ವರ್ಷದವಳಿದ್ದಾಗ ಕೊಬ್ಬರಿಗೆ ಕಾಯಿ ಕೂಡಿಡುವ ಅಟ್ಟಕ್ಕೆ ಆಟ ಆಡಿಕೊಂಡು ಹತ್ತಿದ್ದಳು. ನೋಡದೆ ಯಾರೋ ಹೊರಗಿನಿಂದ ಅಗುಳಿ ಹಾಕಿ ಏಣಿ ತೆಗೆದಿದ್ದರು. ಸಂಜೆಗೆ ಸಿಕ್ಕಿದಾಗ ಉಗುರೆಲ್ಲ ರಕ್ತವಾಗಿತ್ತು. ಅವತ್ತಿನಿಂದ ಬಾಗಿಲು ಹಾಕಿದ ಕೋಣೆಯಲ್ಲಿ ಮಲಗಿದವಳಲ್ಲ, ಹಾಸ್ಟೆಲಿನಲ್ಲೂ ಕಿಟಕಿ ಪಕ್ಕದ ಮಂಚವೇ ಬೇಕು.

“ನಮ್ಮ ಯಜಮಾನ್ರು ಗಂಗಾಧರ್, ತುಮಕೂರಲ್ಲೇ ಬೆಂಕಿಗೆ ಕೊಟ್ಬಿಡಾಣ ಅಂದ್ರು. ನಾನೇ ಹಠ ಹಿಡಿದೆ. ಸುಡಬ್ಯಾಡಿ, ತೋಟದಲ್ಲಿ ಮಾಡಿ, ನನ್ನ ಕಣ್ಣ ಮುಂದೆ ಇರ್ಲಿ ಅಂದೆ. ಅಂಥಾ ಹುಡುಗೀನ ತಗೊಂಡೋಗಿ ನಾನೇ ಮುಚ್ಚಾಕ್ಸಿದೆ. ಅವತ್ತು ಇದು ಹೊಳೀಲಿಲ್ಲ ಕಣಪ್ಪ. ಮೂರನೇ ದಿನ ಹಾಲು ಬಿಡ್ವಾಗ ಹೊಳೀತು. ಆವಾಗಿಂದ ನಂಗೆ ಕೂತ್ರೆ ಕೂರಕ್ಕಾಗಲ್ಲ, ನಿಂತ್ರೆ ನಿಲ್ಲಕ್ಕಾಗಲ್ಲ. ಯಾರ್ನ ಕೇಳಿದ್ರೂ ಅವಳು ದೇವರತ್ರ ಇದಾಳೆ ಬುಡು ಅಂತಾರೆ. ನಾನು ಕೇಳ್ತಿರೋದು ಅದಲ್ಲ.”

ಉದಯಕುಮಾರ್ ಬಾಗಿಲು ಬಿಟ್ಟು ಅವಳೆದುರು ಬಂದ. ತಂಪಾಗಿರುತ್ತೆ, ನೆಮ್ಮದಿಯಾಗಿರುತ್ತೆ ಎಂದು ಒಂದು ಮಾತು ಹೇಳಿ ಕಳಿಸಿಬಿಡಬಹುದಿತ್ತು. ಆದರೆ ಅವಳು ಅವನ ಮುಖವನ್ನು ನೋಡುತ್ತಿದ್ದ ರೀತಿಗೆ ಆ ಮಾತು ಬಾಯಿಗೆ ಬರಲಿಲ್ಲ.

“ನಾನು ಒಳಗೆ ಇದ್ದಿದ್ದು ಸ್ವಲ್ಪ ಹೊತ್ತಮ್ಮ. ಸರಿಯಾಗಿ ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಕೂರೋದಿದೆ. ಕೂತಾದ್ಮೇಲೆ ನಾನೇ ನಿಮ್ಮೂರಿಗೆ ಬಂದು ಹೇಳ್ತೀನಿ.”

ಅವಳು ಹೋದ ಮೇಲೆ ಮಾಲಿನಿ ಲೋಟ ಎತ್ತಿಕೊಳ್ಳುತ್ತಾ, “ಒಳಗೆ ಏನಾಯ್ತು ರೀ?” ಎಂದಳು. ಈ ಸಲ ಅವನು ಹೇಳಿದ. ಅವಳು ನಗಲಿಲ್ಲ.

“ಹೋಗ್ಲೇಬೇಕಾ?”

“ಮಾತು ಕೊಟ್ಬಿಟ್ಟೆ.”

ಸಂಜೆ ಅವನು ಚನ್ನವೀರಯ್ಯನವರ ಮನೆಗೆ ಹೋದ. ಅಂಗಳದಲ್ಲಿ ಒಣಗಿಸಿದ್ದ ವಿಭೂತಿ ಗಟ್ಟಿಗಳನ್ನು ಅವರು ಒಂದೊಂದಾಗಿ ಬುಟ್ಟಿಗೆ ಎತ್ತಿಡುತ್ತಿದ್ದರು. ಹನುಮಕ್ಕನ ವಿಷಯ ಕೇಳಿ ಕೈ ನಿಲ್ಲಿಸಿದರು.

“ಮಾವ, ನೀವು ಇಷ್ಟೊಂದು ಜನನ್ನ ಕೂರ್ಸಿದೀರ. ಆಯಮ್ಮಂಗೆ ಏನು ಹೇಳ್ಲಿ?”

“ನಂಗೇನು ಗೊತ್ತಪ್ಪ. ನಾನು ಮೇಲಿಂದ ಮಣ್ಣು ಹಾಕೋನು. ಅವರ ಕಿವೀಲಿ ಮಂತ್ರ ಹೇಳ್ತೀನಿ, ಅವರೇನೂ ತಿರುಗಿ ಹೇಳಿಲ್ಲ.” ಇನ್ನೊಂದು ಗಟ್ಟಿಯನ್ನು ಬುಟ್ಟಿಗಿಟ್ಟು ಮತ್ತೆ ಅಂದರು, “ಒಂದು ಮಾತ್ರ ಮಾಡ್ಕೊಂಡ್ ಬಂದಿದೀನಿ. ಗುಂಡಿ ತೋಡಿದ್ಮೇಲೆ ಮೊದ್ಲು ನಾನು ಇಳಿದು ಗೂಡಲ್ಲಿ ಕೂತ್ಕೋತೀನಿ. ಬೆನ್ನಿಗೆ ಕಲ್ಲು ಚುಚ್ಚುತ್ತಾ, ತಲೆ ತಾಕುತ್ತಾ, ನೋಡ್ತೀನಿ. ನಮ್ಮಪ್ಪ ಹೇಳ್ಕೊಟ್ಟಿದ್ದು. ನಾನು ಕೂತು ನೋಡ್ದೇ ಇರೋ ಜಾಗದಲ್ಲಿ ಇನ್ನೊಬ್ರುನ್ನ ಹೆಂಗೆ ಕೂರ್ಸ್ಲಿ?”

“ಹೆದರಿಕೆ ಆಗಲ್ವಾ?”

“ಆಗುತ್ತೆ. ಆದ್ರೆ ಹಲಗೆ ಮುಚ್ಚಿಸ್ಕೊಂಡಿಲ್ಲ ನಾನು. ಆ ವಿಷಯದಲ್ಲಿ ನೀನೇ ನನಗಿಂತ ಮುಂದೆ.”

ಉದಯಕುಮಾರ್ ಅಲ್ಲಿಂದಲೇ ಅಂಜನ್‌ಕುಮಾರನಿಗೆ ಫೋನ್ ಮಾಡಿ, ಬೇರೆಯವರು ಬೇಡ, ನಾನೇ ಕೂರ್ತೀನಿ ಎಂದ.

ಗುರುವಾರ ಕುಣಿಗಲ್ಲಿನ ಅದೇ ತೋಟದಲ್ಲಿ ಹೊಸ ಗುಂಡಿ ತೋಡಿದರು. ಗೂಡಿನ ಮೂಲೆಗೆ ಕತ್ತಲಲ್ಲೂ ಚಿತ್ರ ಹಿಡಿಯುವ ಪುಟ್ಟ ಕ್ಯಾಮೆರಾ, ಗಾಳಿಗೆ ಒಂದು ಪೈಪು, ಕರೆಯಬೇಕಾದರೆ ಎಳೆಯಲು ಉದಯಕುಮಾರನ ಬಲಗೈಗೆ ಒಂದು ಹಗ್ಗ. ಚನ್ನವೀರಯ್ಯನವರು ಬೇಡವೆಂದರೂ ಕೇಳದೆ ಇಬ್ಬರ ಹೆಗಲು ಹಿಡಿದು ಮೊದಲು ತಾವೇ ಇಳಿದರು. ಗೂಡಿನಲ್ಲಿ ಕೂತು, “ಎಡಗಡೆ ಭುಜಕ್ಕೆ ತಾಕುತ್ತೆ, ಇನ್ನೊಂಚೂರು ಕೆರೀರಿ,” ಎಂದು ಕೆರೆಸಿದರು. ಆಮೇಲೆ ಸೋದರಳಿಯನನ್ನು ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಬೆರಳು ಮಡಿಸಿದರು. ಮೇಲೆ ಮಾಲಿನಿ ಕಚೇರಿಗೆ ರಜೆ ಹಾಕಿ ಬಂದು ನಿಂತಿದ್ದಳು. ಹಗ್ಗದ ಆಚೆ ತುದಿಯನ್ನು ಅವಳು ಯಾರಿಗೂ ಕೊಡಲಿಲ್ಲ.

ಹಲಗೆ ಬಂತು. ಕತ್ತಲಾಯಿತು. ಮಣ್ಣು ಬಿದ್ದ ಕೂಡಲೇ ಅವನ ಕೈ ಹಗ್ಗವನ್ನು ಬಿಗಿಯಾಗಿ ಹಿಡಿಯಿತು. ಎಳೆಯಲೇ ಎಂದುಕೊಂಡ. ಒಂದು ಉಸಿರು ಬಿಟ್ಟು ಎಳೆಯೋಣ ಎಂದುಕೊಂಡ. ಆ ಉಸಿರು ಮುಗಿಯಿತು, ಇನ್ನೊಂದು ಬಂತು. ಎದೆ ಹೊಡೆದುಕೊಳ್ಳುವುದು ಕಿವಿಯಲ್ಲಿ ಕೇಳಿಸುತ್ತಿತ್ತು. ಮಣ್ಣು ಬೀಳುವ ಸದ್ದು ಮೊದಲು ಹತ್ತಿರವಿತ್ತು, ಆಮೇಲೆ ದೂರವಾಯಿತು, ಯಾರದೋ ಮನೆಯಲ್ಲಿ ಒನಕೆ ಕುಟ್ಟಿದ ಹಾಗೆ ಕೇಳಿ ಕೊನೆಗೆ ನಿಂತೇಹೋಯಿತು. ಬೆನ್ನಿಗೆ ತಣ್ಣನೆಯ ಗೋಡೆ. ಕುತ್ತಿಗೆಗೆ ಕೂದಲಿನಷ್ಟು ಸಣ್ಣ ಬೇರಿನ ಎಳೆ ತಾಗುತ್ತಿತ್ತು. ನೆಮ್ಮದಿಯೇನೂ ಬರಲಿಲ್ಲ. ಆದರೆ ಸುಳ್ಳು ಹೇಳಬಾರದೆಂದು ನಿರ್ಧರಿಸಿ ಬಂದವನಾದ್ದರಿಂದ ಅವನು ಹೆದರಿಕೆಯನ್ನೇ ನೋಡುತ್ತಾ ಕೂತ. ಅದು ಮೈಯಲ್ಲೆಲ್ಲ ಇರಲಿಲ್ಲ. ಉಸಿರು ಎಳೆದುಕೊಳ್ಳುವಾಗ ಬರುತ್ತಿತ್ತು, ಮುಂದಿನ ಉಸಿರು ಸಿಗುತ್ತದೋ ಇಲ್ಲವೋ ಎಂದು. ಬಿಟ್ಟ ಉಸಿರಿಗೂ ಎಳೆಯುವ ಉಸಿರಿಗೂ ನಡುವಿನ ಚೂರು ಜಾಗದಲ್ಲಿ ಅದು ಇರಲಿಲ್ಲ. ಮತ್ತೆ ಮತ್ತೆ ನೋಡಿದ. ಅಲ್ಲಿ ಇರಲಿಲ್ಲ.

ಹಲಗೆ ತೆಗೆದಾಗ ಅವನ ಮೈ ಬೆವರಿನಿಂದ ತೊಯ್ದು ವಿಭೂತಿಯೆಲ್ಲ ಕರಗಿ ಇಳಿದಿತ್ತು.

“ಎಷ್ಟಾಯ್ತು?”

“ನಾಲ್ಕು ನಿಮಿಷ,” ಎಂದಳು ಮಾಲಿನಿ. ಅವಳ ಅಂಗೈಯಲ್ಲಿ ಹಗ್ಗದ ಗುರುತು ಬಿದ್ದಿತ್ತು.

ಭಾನುವಾರ ಗಂಡ ಹೆಂಡತಿ ಬಸ್ಸು ಹತ್ತಿ ಸಿ.ಎಸ್. ಪುರಕ್ಕೆ ಹೋದರು. ಹನುಮಕ್ಕ ಅವರನ್ನು ಮನೆಯೊಳಗೆ ಕರೆಯಲಿಲ್ಲ, ನೇರವಾಗಿ ತೋಟಕ್ಕೆ ಕರೆದುಕೊಂಡು ಹೋದಳು. ಎರಡು ತೆಂಗಿನ ಮರದ ನಡುವೆ ಕಲ್ಲು ಜೋಡಿಸಿದ ದಿಬ್ಬ, ಮೇಲೆ ಬಾಡಿದ ಸೇವಂತಿಗೆ. ಅದರ ಪಕ್ಕ ನಿಂತುಕೊಂಡೇ ಅವಳು, “ಕೂತ್ಯಾ?” ಎಂದು ಕೇಳಿದಳು.

“ಕೂತೆ ಅಮ್ಮ. ಮೊದ್ಲು ಇನ್ನೊಂದು ಹೇಳ್ಬೇಕು. ಅವತ್ತು ನಿಮ್ಮತ್ರ ಮುಚ್ಚಿಟ್ಟೆ. ಮೊದಲ್ನೇ ಸಲ ಕೂತಾಗ ಒಂದು ನಿಮಿಷಾನೂ ಇರ್ಲಿಲ್ಲ. ಕಿರುಚ್ಕೊಂಡು ಹಲಗೆ ಒದ್ದು ಎದ್ದು ಬಂದೆ.”

ಹನುಮಕ್ಕ ಪಕ್ಕದ ಮರಕ್ಕೆ ಕೈ ಊರಿದಳು. ಮಾಲಿನಿ ಗಂಡನ ತೋಳು ಮುಟ್ಟಿದಳು, ಸಾಕು ಎನ್ನುವ ಹಾಗೆ. ಅವನು ನಿಲ್ಲಿಸಲಿಲ್ಲ.

“ಎರಡನೇ ಸಲ ನಾಲ್ಕು ನಿಮಿಷ ಇದ್ದೆ. ಕತ್ತಲೆ. ತಣ್ಣಗಿರುತ್ತೆ. ಸದ್ದು ಬರಬರ್ತಾ ನಿಂತೋಗುತ್ತೆ. ಹೆದರಿಕೆ ಇತ್ತು, ಇರ್ಲಿಲ್ಲ ಅನ್ನಲ್ಲ. ಆದ್ರೆ ಆ ಹೆದರಿಕೆ ಮಣ್ಣಲ್ಲಿ ಇರ್ಲಿಲ್ಲಮ್ಮ, ಕತ್ತಲೇಲೂ ಇರ್ಲಿಲ್ಲ. ನನ್ನ ಉಸಿರಲ್ಲಿತ್ತು. ಉಸಿರು ತಗೊಳ್ಳೋವಾಗ ಮಾತ್ರ ಬರ್ತಿತ್ತು. ನಾನು ಬದುಕಿದ್ದೆ, ಅದಕ್ಕೆ ಹೆದರ್ದೆ. ಅಷ್ಟೇ ನಂಗೆ ಗೊತ್ತಾಗಿದ್ದು. ಅದ್ರಿಂದಾಚೆಗೆ ಏನೂ ಗೊತ್ತಿಲ್ಲ.”

ತೋಟದ ಆಚೆ ತುದಿಯಲ್ಲಿ ಗಂಗಾಧರ್ ಪಂಪಿನ ಬಳಿ ಏನೋ ರಿಪೇರಿ ಮಾಡುತ್ತಾ ಇತ್ತಲೇ ನೋಡುತ್ತಿದ್ದ, ಹತ್ತಿರ ಬರಲಿಲ್ಲ.

“ಅವಳಿಗೆ ಉಸಿರಿರ್ಲಿಲ್ಲ,” ಎಂದಳು ಹನುಮಕ್ಕ. “ಆಸ್ಪತ್ರೇಲಿ ನಾನೇ ಮೂಗತ್ರ ಕೈ ಇಟ್ಟು ನೋಡಿದ್ದೆ. ಡಾಕ್ಟ್ರು ಹೇಳಿದ್ರೂ ನಂಬ್ದೆ ಮೂರು ಸಲ ಇಟ್ಟು ನೋಡ್ದೆ. ಇರ್ಲಿಲ್ಲ.”

ತನಗೆ ತಾನೇ ಸಾಕ್ಷಿ ಹೇಳಿಕೊಂಡಂತೆ ಅದೇ ಮಾತನ್ನು ಇನ್ನೊಮ್ಮೆ ಅಂದಳು. ಆಮೇಲೆ ಸೆರಗಿನಿಂದ ಮುಖ ಒತ್ತಿಕೊಂಡು ದಿಬ್ಬದ ಅಂಚಿನಲ್ಲಿ ಕುಸಿದು ಕೂತಳು. ಮಾಲಿನಿ ಅವಳ ಪಕ್ಕ ಕೂತಳು. ಉದಯಕುಮಾರನೂ ಸ್ವಲ್ಪ ದೂರದಲ್ಲಿ, ಒಣಗರಿಯ ಮೇಲೆ ಕೂತ.

ಅತ್ತು ಮುಗಿದ ಮೇಲೆ ಹನುಮಕ್ಕ, “ಸಮಾಧಾನ ಆಯ್ತು ಅಂತ ನಾನು ಹೇಳಲ್ಲ ಕಣಪ್ಪ,” ಎಂದಳು. “ಆದ್ರೆ ನೀನು ಓಡ್ಬಂದಿದ್ದೂ ಹೇಳ್ದೆ ನೋಡು. ಅದಕ್ಕೆ ಮಿಕ್ಕಿದ್ದನ್ನೂ ನಂಬ್ತೀನಿ.”

ಮುದ್ದೆ ಬಸ್ಸಾರು ಉಣ್ಣಿಸದೆ ಬಿಡಲಿಲ್ಲ. ಊಟವಾದ ಮೇಲೆ ರಸ್ತೆಯವರೆಗೆ ಕಳಿಸಲು ಬಂದಳು. ಬರುವ ದಾರಿಯಲ್ಲಿ ಇಂಪನಾಳ ಮಾತು ತೆಗೆದಳು. ಅವಳಿಗೆ ಸೈಕಲ್ ಕಲಿಸಿದ್ದು, ನರ್ಸಿಂಗ್ ಸೇರಿದ ಮೊದಲ ವಾರ ಊರಿಗೆ ಬಂದು ಮನೆಯವರಿಗೆಲ್ಲ ಬಿಪಿ ನೋಡಿ ಕೊನೆಗೆ ಎಮ್ಮೆಗೂ ಪಟ್ಟಿ ಸುತ್ತಲು ಹೋಗಿದ್ದು, ಅಪ್ಪನ ಜೊತೆ ಜಗಳ ಆಡಿ ಜಡೆ ಕತ್ತರಿಸಿಕೊಂಡು ಬಂದಿದ್ದು. ಏಳು ತಿಂಗಳಿಂದ ಅಗುಳಿ ಹಾಕಿಟ್ಟಿದ್ದ ಮಾತೆಲ್ಲ ಒಂದರ ಹಿಂದೊಂದು ಬರುತ್ತಿತ್ತು. ಎಮ್ಮೆಯ ಮಾತಿಗೆ ಮಾಲಿನಿ ನಕ್ಕಾಗ ಅವಳೂ ನಕ್ಕಳು.

ಗುಬ್ಬಿಯ ಬಸ್ಸು ಬಂದು ನಿಂತಿತು. ಹನುಮಕ್ಕ ಮಾತು ನಿಲ್ಲಿಸಲಿಲ್ಲ, ಬಸ್ಸು ಬಂದದ್ದೇ ಅವಳ ಲಕ್ಷ್ಯದಲ್ಲಿರಲಿಲ್ಲ. ಕಂಡಕ್ಟರ್ ಬಾಗಿಲಿನಿಂದ ತಲೆ ಹಾಕಿ, “ಹತ್ತೋದಾದ್ರೆ ಹತ್ತಿ!” ಎಂದ.

ಉದಯಕುಮಾರ್ ಮಾಲಿನಿಯ ಮುಖ ನೋಡಿದ. ಅವಳು ಆಗಲೇ ಮೋರಿಯ ಕಟ್ಟೆಯ ಮೇಲೆ ಹನುಮಕ್ಕನಿಗೆ ಜಾಗ ಬಿಟ್ಟು ಕೂರುತ್ತಿದ್ದಳು. ಅವನು ಕಂಡಕ್ಟರಿಗೆ ಕೈ ಬೀಸಿ ಹೋಗಿ ಎಂದ. ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.

“ಆಮೇಲೆ?” ಎಂದು ಅವನೂ ಬಂದು ಕೂತ.